ಮಗ ಆ ದ್ವೀಪದಲ್ಲಿ, ಮಗಳು ಈ ದ್ವೀಪದಲ್ಲಿ

ಸಹೋದರಿಯರೇ, ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಭೂಪಟದ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಭಾರತದ ನಕ್ಷೆಯ ಎಡಭಾಗದಲ್ಲಿ, ಕೇರಳದ ಪಕ್ಕದ ಸಮುದ್ರದಲ್ಲಿ ಸಾಸಿವೆ ಕಾಳು ಚೆಲ್ಲಿದಂತೆ ಕೆಲವು ಚುಕ್ಕೆಗಳಿವೆ. ಅದು ಲಕ್ಷದ್ವೀಪ. ಬಲಭಾಗದಲ್ಲಿ, ಬಂಗಾಳ ಕೊಲ್ಲಿಯ ಆಚೆ ತುದಿಯಲ್ಲಿ, ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಇಳಿಯುವ ಇನ್ನೊಂದು ಸಾಲಿದೆ. ಅದು ಅಂಡಮಾನ್ ಮತ್ತು ನಿಕೋಬಾರ್. ಹೆಚ್ಚಿನವರು ಈ ಎರಡು ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ. ನನಗೆ ಮರೆಯಲು ಸಾಧ್ಯವಿಲ್ಲ. ಏಕೆಂದರೆ ನನ್ನ ಮಗ ಎಡಭಾಗದ ಒಂದು ಚುಕ್ಕೆಯಲ್ಲಿದ್ದಾನೆ, ಮಗಳು ಬಲಭಾಗದ ಸಾಲಿನಲ್ಲಿದ್ದಾಳೆ. ನಾನು ನಡುವೆ ಮಂಗಳೂರಿನಲ್ಲಿದ್ದೇನೆ.

ಮಗಳನ್ನು ಪೋರ್ಟ್ ಬ್ಲೇರ್‌ನಲ್ಲಿ ವ್ಯಾಪಾರ ಮಾಡುವ ಹುಡುಗನಿಗೆ 2016ರಲ್ಲಿ ಮದುವೆ ಮಾಡಿಕೊಟ್ಟೆವು. ಆ ಊರಿಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂಬ ಹೊಸ ಹೆಸರು ಬಂತು. ಆದರೆ ನಮ್ಮ ಮನೆಯಲ್ಲಿ ಇನ್ನೂ ಹಳೆಯ ಹೆಸರೇ ಬಾಯಿಗೆ ಬರುತ್ತದೆ. ಮಗ ಡಿಪ್ಲೊಮಾ ಮುಗಿಸಿ 2021ರಲ್ಲಿ ಕಟ್ಟಡ ಗುತ್ತಿಗೆದಾರರೊಬ್ಬರ ಕೈಕೆಳಗೆ ಕೆಲಸಕ್ಕೆಂದು ಲಕ್ಷದ್ವೀಪದ ಅಗತ್ತಿಗೆ ಹೋದ. ಮನೆಗೆ ಬಂದ ನೆಂಟರೆಲ್ಲ ಹೇಳುತ್ತಿದ್ದ ಮಾತು ಒಂದೇ. "ಮಗ ಇಲ್ಲೇ ಪಕ್ಕದಲ್ಲಿದ್ದಾನೆ, ತೊಂದರೆಯಿಲ್ಲ. ಮಗಳು ಪಾಪ, ಎಷ್ಟು ದೂರ!"

ಕಿಲೋಮೀಟರ್ ಲೆಕ್ಕದಲ್ಲಿ ಈ ಮಾತು ಸರಿ. ಮಂಗಳೂರಿನಿಂದ ಅಗತ್ತಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 380 ಕಿಲೋಮೀಟರ್. ಇಲ್ಲಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟೇ ದೂರ ಎನ್ನಬಹುದು. ಪೋರ್ಟ್ ಬ್ಲೇರ್‌ಗಾದರೋ ಸುಮಾರು 1,950 ಕಿಲೋಮೀಟರ್, ಐದು ಪಟ್ಟಿಗಿಂತಲೂ ಹೆಚ್ಚು. ಆದರೆ ಒಂದು ಕುಟುಂಬಕ್ಕೆ ಯಾವುದು ಹತ್ತಿರ, ಯಾವುದು ದೂರ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ಅದು ತಿಳಿಯುವುದು ಮನೆಯಲ್ಲಿ ಒಂದು ಕಷ್ಟ ಬಂದ ದಿನ.

2023ರ ಜೂನ್ ತಿಂಗಳ ಒಂದು ಬುಧವಾರ, ರಾತ್ರಿ 11 ಗಂಟೆಯ ಹೊತ್ತಿಗೆ ನನ್ನ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಹೊರಗೆ ಮಳೆ ಸುರಿಯುತ್ತಿತ್ತು. ಮಯ್ಯಿತನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಬಾರದೆಂಬುದು ನಿಮಗೆಲ್ಲ ತಿಳಿದದ್ದೇ. ಯಜಮಾನರೂ ಬದುಕಿದ್ದಾಗಲೇ ಹೇಳಿದ್ದರು, "ಯಾರಿಗಾಗಿಯೂ ನನ್ನನ್ನು ಎರಡು ದಿನ ಇಡಬೇಡಿ" ಎಂದು. ಭಾವನವರು ಹಿರಿಯರೊಂದಿಗೆ ಮಾತಾಡಿ ಮರುದಿನ ಅಸರ್ ನಮಾಝಿನ ಬಳಿಕ ದಫನ ಎಂದು ನಿರ್ಧರಿಸಿದರು. "ಮಗ ಮಧ್ಯಾಹ್ನದೊಳಗೆ ಬಂದುಬಿಡುತ್ತಾನೆ. ಮಗಳಿಗೆ ಆಗಲಿಕ್ಕಿಲ್ಲ" ಎಂದು ಸೇರಿದವರು ಮಾತಾಡಿಕೊಂಡರು.

ಆದದ್ದು ತಿರುಗುಮುರುಗು. ಮಗಳು ಬೆಳಿಗ್ಗೆ ಪೋರ್ಟ್ ಬ್ಲೇರ್‌ನಿಂದ ಬೆಂಗಳೂರಿಗೆ ವಿಮಾನ ಹತ್ತಿದಳು. ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಮಂಗಳೂರಿಗೆ ಬಂದಿಳಿದು, ನಾಲ್ಕು ಗಂಟೆಗೆ ಮನೆಯ ಬಾಗಿಲಲ್ಲಿದ್ದಳು. ತಂದೆಯ ಮುಖ ನೋಡಿದಳು. ಹತ್ತಿರದಲ್ಲಿದ್ದ ಮಗ ಅದೇ ಹೊತ್ತಿಗೆ ಅಗತ್ತಿಯ ವಿಮಾನ ನಿಲ್ದಾಣದಲ್ಲಿ ಚೀಲ ಹಿಡಿದು ಕೂತಿದ್ದ. ಗಾಳಿ ಮಳೆಯಿಂದ ಅಂದಿನ ವಿಮಾನ ರದ್ದಾಗಿತ್ತು. ಶುಕ್ರವಾರದ ವಿಮಾನದಲ್ಲಿ ಅವನಿಗೆ ಸೀಟು ಸಿಕ್ಕಿತು. ಕೊಚ್ಚಿಗೆ ಬಂದು ರಾತ್ರಿಯ ರೈಲು ಹಿಡಿದು ಶನಿವಾರ ಸುಬಹ್‌ನ ಹೊತ್ತಿಗೆ ಮನೆ ಮುಟ್ಟಿದ. 1,950 ಕಿಲೋಮೀಟರ್ ದೂರದ ಮಗಳಿಗೆ 17 ಗಂಟೆ ಸಾಕಾಯಿತು. 380 ಕಿಲೋಮೀಟರ್ ದೂರದ ಮಗನಿಗೆ 54 ಗಂಟೆ ಬೇಕಾಯಿತು. ಅವನು ಮನೆಗೆ ಬಂದವನು ನೇರ ಖಬರ್‌ಸ್ತಾನಕ್ಕೆ ನಡೆದ.

ಆ ಮೇಲಿನ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ನಾನು ಮನೆಯೊಳಗಿದ್ದೆ. ಆಗಲೇ ನಾನು ಮಕ್ಕಳಿಂದ, ಮೊಮ್ಮಕ್ಕಳ ಪುಸ್ತಕಗಳಿಂದ ಈ ದೂರದ ಲೆಕ್ಕಗಳನ್ನೆಲ್ಲ ಕಲಿತದ್ದು. ನಿಮ್ಮಲ್ಲಿ ಅನೇಕರ ಮಕ್ಕಳು ದೂರದಲ್ಲಿದ್ದಾರೆ. ಆದ್ದರಿಂದ ಕಲಿತದ್ದನ್ನು ಹಂಚಿಕೊಳ್ಳುತ್ತಿದ್ದೇನೆ.

ಮೊದಲು ವಿಮಾನದ ಸಮಯದ ಲೆಕ್ಕ. ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ವಿಮಾನಕ್ಕೆ ಅಷ್ಟೇ ಸಾಲದು. ನೆಲದ ಮೇಲೆ ಓಡಾಡಲು, ಮೇಲೇರಲು, ಇಳಿಯಲು ಸುಮಾರು ಅರ್ಧ ಗಂಟೆ ಸೇರಿಸಬೇಕು. ಅಗತ್ತಿಯಿಂದ ಕೊಚ್ಚಿಗೆ ಸುಮಾರು 460 ಕಿಲೋಮೀಟರ್. ಅಲ್ಲಿ ಓಡುವುದು ಎಟಿಆರ್ ಎಂಬ ರೆಕ್ಕೆಯಲ್ಲಿ ಫ್ಯಾನ್ ಇರುವ ಚಿಕ್ಕ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಹಾರಾಟಕ್ಕೆ ಒಂದು ಗಂಟೆ, ಮೇಲಿನ ಅರ್ಧ ಗಂಟೆ, ಒಟ್ಟು ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಕೊಚ್ಚಿಯಿಂದ ಹಡಗಿನಲ್ಲಿ ಹೋಗುವವರಿಗೆ ದ್ವೀಪ ಯಾವುದೆಂಬುದರ ಮೇಲೆ 14ರಿಂದ 20 ಗಂಟೆ ಬೇಕು. ಪೋರ್ಟ್ ಬ್ಲೇರ್‌ನಿಂದ ಚೆನ್ನೈಗೆ ಸುಮಾರು 1,370 ಕಿಲೋಮೀಟರ್. ಅಲ್ಲಿ ಓಡುವುದು ಗಂಟೆಗೆ 800 ಕಿಲೋಮೀಟರ್‌ಗಿಂತಲೂ ವೇಗವಾಗಿ ಹಾರುವ ದೊಡ್ಡ ಜೆಟ್ ವಿಮಾನ. ಎರಡೂಕಾಲು ಗಂಟೆಯಲ್ಲಿ ತಲುಪಿಸುತ್ತದೆ. ಅದೇ ದಾರಿಗೆ ಹಡಗಿನಲ್ಲಿ ಸುಮಾರು ಮೂರು ದಿನ.

ಇನ್ನು ಆ ಎರಡು ವಿಮಾನ ನಿಲ್ದಾಣಗಳ ವಿಷಯ. ಅಗತ್ತಿಯ ನಿಲ್ದಾಣ 1988ರಲ್ಲಿ ಆರಂಭವಾಯಿತು. ಇಡೀ ಲಕ್ಷದ್ವೀಪಕ್ಕೆ ಇಂದಿಗೂ ಅದೊಂದೇ ವಿಮಾನ ನಿಲ್ದಾಣ. ಉಳಿದ ದ್ವೀಪದವರು ದೋಣಿಯಲ್ಲೋ ಹೆಲಿಕಾಪ್ಟರಿನಲ್ಲೋ ಅಲ್ಲಿಗೆ ಬಂದು ವಿಮಾನ ಹತ್ತಬೇಕು. ದ್ವೀಪದ ದಕ್ಷಿಣದ ಕಿರಿದಾದ ಬಾಲದ ಮೇಲೆ ರನ್‌ವೇ ಇದೆ. ಉದ್ದ ಸುಮಾರು 1,200 ಮೀಟರ್ ಅಷ್ಟೇ. ಎರಡೂ ಕಡೆ ಸಮುದ್ರ. ಇಷ್ಟು ಚಿಕ್ಕ ರನ್‌ವೇಯಲ್ಲಿ ಜೆಟ್ ವಿಮಾನ ಇಳಿಯಲಾರದು. ಪೋರ್ಟ್ ಬ್ಲೇರ್‌ನ ರನ್‌ವೇ ಸುಮಾರು 3,300 ಮೀಟರ್ ಉದ್ದವಿದೆ. ಅಲ್ಲಿಗೆ ಚೆನ್ನೈ, ಕೋಲ್ಕತ್ತ, ಬೆಂಗಳೂರಿನಂತಹ ನಗರಗಳಿಂದ ನೂರೈವತ್ತಕ್ಕೂ ಹೆಚ್ಚು ಜನ ಕೂರುವ ವಿಮಾನಗಳು ಬರುತ್ತವೆ. ಒಂದು ತಪ್ಪಿದರೆ ಇನ್ನೊಂದಿದೆ. ಮಗಳು ಬಂದು ಮುಟ್ಟಿದ ಗುಟ್ಟು ಇಷ್ಟೇ.

ನಿಮಗೊಂದು ಪ್ರಶ್ನೆ ಬರಬಹುದು. ತಮ್ಮ ಅಕ್ಕನನ್ನು ನೋಡಬೇಕೆಂದರೆ ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ನೇರ ಹಾರಬಾರದೇ? ಎರಡೂ ನಮ್ಮ ದೇಶದ್ದೇ ದ್ವೀಪಗಳಲ್ಲವೇ? ನೇರ ದೂರ ಸುಮಾರು 2,250 ಕಿಲೋಮೀಟರ್. ಮಂಗಳೂರಿನಿಂದ ದುಬೈಗಿರುವ ದೂರಕ್ಕಿಂತಲೂ ಸ್ವಲ್ಪ ಕಡಿಮೆ. ಜೆಟ್ ವಿಮಾನಕ್ಕೆ ಮೂರೂಕಾಲು ಗಂಟೆಯ ದಾರಿ. ಆದರೆ ಅಷ್ಟು ದೂರ ಹಾರಬಲ್ಲ ಜೆಟ್ ವಿಮಾನಕ್ಕೆ ಅಗತ್ತಿಯಲ್ಲಿ ಇಳಿಯಲು ಜಾಗವಿಲ್ಲ. ಅಗತ್ತಿಯಲ್ಲಿ ಇಳಿಯಬಲ್ಲ ಎಟಿಆರ್ ವಿಮಾನ ಜನ ತುಂಬಿಕೊಂಡು ಒಂದೇ ಉಸಿರಿಗೆ ಅಷ್ಟು ದೂರ ಹಾರಲಾರದು. ಅದರ ಶಕ್ತಿ ಸುಮಾರು 1,500 ಕಿಲೋಮೀಟರಿಗೆ ಮುಗಿಯುತ್ತದೆ. ಆದ್ದರಿಂದ ಈ ಎರಡು ಊರುಗಳ ನಡುವಿನ "ವಿಮಾನ ದೂರ" ಎಂಬುದು ಕಾಗದದ ಮೇಲಿನ ಸಂಖ್ಯೆ ಮಾತ್ರ. ಆ ದಾರಿಯಲ್ಲಿ ಯಾರನ್ನೂ ಕರೆದೊಯ್ಯುವ ವಿಮಾನವಿಲ್ಲ.

2024ರ ಡಿಸೆಂಬರ್‌ನಲ್ಲಿ ಮಗ ಅಕ್ಕನ ಮನೆಗೆ ಹೋದ. ಅಗತ್ತಿಯಿಂದ ಕೊಚ್ಚಿ, ಕೊಚ್ಚಿಯಿಂದ ಚೆನ್ನೈ, ಚೆನ್ನೈಯಿಂದ ಪೋರ್ಟ್ ಬ್ಲೇರ್. ಮೂರು ವಿಮಾನ. ಕೂಡಿಸಿ ನೋಡಿದರೆ ದೂರ ಸುಮಾರು 2,350 ಕಿಲೋಮೀಟರ್, ನೇರ ದಾರಿಗಿಂತ ನೂರು ಕಿಲೋಮೀಟರ್ ಮಾತ್ರ ಹೆಚ್ಚು. ಆಕಾಶದಲ್ಲಿ ಕಳೆದದ್ದು ಸುಮಾರು ಐದು ಗಂಟೆ. ಆದರೆ ಮನೆಯಿಂದ ಮನೆಗೆ ಒಂದು ಹಗಲು, ಒಂದು ರಾತ್ರಿ. ರಾತ್ರಿಯೆಲ್ಲ ಚೆನ್ನೈ ನಿಲ್ದಾಣದ ಕುರ್ಚಿಯಲ್ಲಿ ಕಳೆದ. ಕೈಯಲ್ಲಿದ್ದ ಪೊಟ್ಟಣದಲ್ಲಿ ಅಕ್ಕನಿಗೆಂದು ತಂದ ಒಣಗಿಸಿದ ಟ್ಯೂನಾ ಮೀನು ಮತ್ತು ದ್ವೀಪದ ತೆಂಗಿನ ಬೆಲ್ಲ ಇತ್ತು. ಮೀನಿನ ವಾಸನೆಗೆ ಪಕ್ಕದ ಕುರ್ಚಿಯವರು ಎದ್ದು ಹೋದರೆಂದು ಅವನು ಫೋನಿನಲ್ಲಿ ಹೇಳಿದಾಗ ನಾನು ಬಹಳ ದಿನಗಳ ಬಳಿಕ ನಕ್ಕೆ.

ಆ ಎರಡು ದ್ವೀಪಗಳನ್ನು ಸೂರ್ಯ ಬೇರೆ ಬೇರೆಯಾಗಿ ಅಳೆಯುತ್ತಾನೆ. ಇದು ನನಗೆ ಗೊತ್ತಾದದ್ದು ರಮಝಾನ್ ತಿಂಗಳಲ್ಲಿ. 2025ರ ಮಾರ್ಚ್‌ನ ರಮಝಾನಿನಲ್ಲಿ ಸಂಜೆ ಐದೂವರೆಗೆ ಮಗಳ ಫೋನ್ ಬರುತ್ತಿತ್ತು. "ಉಮ್ಮಾ, ನಾವು ಇಫ್ತಾರ್ ಮಾಡಿದೆವು." ನಾನಿಲ್ಲಿ ಆಗಷ್ಟೇ ಸಮೋಸದ ಹಿಟ್ಟು ಕಲಸುತ್ತಿದ್ದೆ. ಮಂಗಳೂರಿನಲ್ಲಿ ಮಗ್ರಿಬ್ ಬಾಂಗ್ ಆಗುವಾಗ ಸುಮಾರು 6.40. ಅದಾಗಿ ಹತ್ತು ನಿಮಿಷಕ್ಕೆ ಮಗ ಖರ್ಜೂರ ಬಾಯಿಗಿಡುತ್ತಿದ್ದ. ಅಕ್ಕನಿಗೂ ತಮ್ಮನಿಗೂ ಎಂಬತ್ತು ನಿಮಿಷದ ಅಂತರ. ಆದರೆ ಇಬ್ಬರ ಗೋಡೆಯ ಗಡಿಯಾರವೂ ತೋರಿಸುವುದು ಒಂದೇ ಸಮಯವನ್ನು.

ಕಾರಣ ಸರಳ. ನಮ್ಮ ದೇಶದ ಸಮಯವನ್ನು ಉತ್ತರ ಪ್ರದೇಶದ ಮಿರ್ಝಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಮೇಲೆ ನಿರ್ಧರಿಸಲಾಗಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಪೋರ್ಟ್ ಬ್ಲೇರ್ ಆ ರೇಖೆಯಿಂದ ಪೂರ್ವಕ್ಕೆ ಹತ್ತು ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿದೆ. ಅಗತ್ತಿ ಪಶ್ಚಿಮಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದೆ. ಹಾಗಾಗಿ ಗಡಿಯಾರಕ್ಕಿಂತ ಅಲ್ಲಿನ ಸೂರ್ಯ ಸುಮಾರು 41 ನಿಮಿಷ ಮುಂದೆ, ಇಲ್ಲಿನ ಸೂರ್ಯ ಸುಮಾರು 41 ನಿಮಿಷ ಹಿಂದೆ. ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ 11.20ರ ಸುಮಾರಿಗೆ. ಅಂದರೆ ಗಡಿಯಾರದಲ್ಲಿ ಹನ್ನೆರಡು ಹೊಡೆಯುವ ಮೊದಲೇ ಅಲ್ಲಿ ಝುಹರ್ ಸಮಯ ಪ್ರವೇಶಿಸುತ್ತದೆ. ಅಗತ್ತಿಯಲ್ಲಿ ಅದೇ 12.40 ದಾಟುತ್ತದೆ. ಡಿಸೆಂಬರ್‌ನಲ್ಲಿ ಮಗಳ ಊರಿನಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗುತ್ತಾನೆ. ಮಕ್ಕಳು ಶಾಲೆಯಿಂದ ಬಂದು ಆಡಲು ಹೊರಟರೆ ಕತ್ತಲಾಗಿರುತ್ತದೆ.

ಹಾಗೆಂದು ಒಬ್ಬರ ಉಪವಾಸ ಚಿಕ್ಕದು, ಇನ್ನೊಬ್ಬರದು ದೊಡ್ಡದು ಎಂದು ಭಾವಿಸಬೇಡಿ. ಎರಡೂ ದ್ವೀಪಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 11 ಡಿಗ್ರಿಯಲ್ಲಿವೆ. ಆದ್ದರಿಂದ ಹಗಲಿನ ಉದ್ದ ಸಮಾನ. ಮಗಳು ಬೇಗ ಇಫ್ತಾರ್ ಮಾಡಿದಷ್ಟೇ ಬೇಗ ಸಹರಿಗೂ ಎದ್ದಿರುತ್ತಾಳೆ. ಒಂದೇ ದಿನದಲ್ಲಿ ಒಂದೆಡೆ ಸಹರಿ ಮಾಡಿ ಇನ್ನೊಂದೆಡೆ ಇಫ್ತಾರ್ ಮಾಡುವವನಿಗೆ ಮಾತ್ರ ವ್ಯತ್ಯಾಸ. ಪೂರ್ವಕ್ಕೆ ಹೋಗುವವನ ಉಪವಾಸ ಎಂಬತ್ತು ನಿಮಿಷ ಕಿರಿದಾಗುತ್ತದೆ, ಪಶ್ಚಿಮಕ್ಕೆ ಬರುವವನದು ಅಷ್ಟೇ ಹಿಗ್ಗುತ್ತದೆ. ಗಲ್ಫ್‌ನಿಂದ ರಮಝಾನಿನಲ್ಲಿ ಊರಿಗೆ ಬರುವ ಗಂಡಸರಿಗೆ ಇದರ ಅನುಭವ ಇದ್ದೇ ಇರುತ್ತದೆ.

ದೂರವನ್ನು ಸಮಯದಿಂದ ಅಳೆಯುವುದು ನಮಗೆ ಹೊಸತಲ್ಲ. ಪ್ರಯಾಣಿಕನಿಗೆ ನಮಾಝ್ ಕಸ್ರ್ ಮಾಡಲು ಅನುಮತಿಯಿರುವ ದೂರವನ್ನು ಹಿಂದಿನ ವಿದ್ವಾಂಸರು ಮರ್ಹಲಗಳಲ್ಲಿ, ದಿನಗಳಲ್ಲಿ ಹೇಳುತ್ತಿದ್ದರು. ಶಾಫಿಈ ಮದ್‌ಹಬ್‌ನಲ್ಲಿ ಎರಡು ಮರ್ಹಲ, ಹನಫಿ ಮದ್‌ಹಬ್‌ನಲ್ಲಿ ಮೂರು ದಿನದ ಪ್ರಯಾಣ. ಒಂಟೆ ಎಷ್ಟು ನಡೆಯುತ್ತದೆ, ಮನುಷ್ಯ ಎಷ್ಟು ದಣಿಯುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಬಂದರಿನ ಹಿರಿಯರದೂ ಅದೇ ಲೆಕ್ಕ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯವರು ಹಾಯಿದೋಣಿಯಲ್ಲಿ ತೆಂಗಿನಕಾಯಿ, ಹುರಿಹಗ್ಗ ತಂದು ಮಂಗಳೂರಿನಲ್ಲಿ ಮಾರಿ ಅಕ್ಕಿ ಕೊಂಡು ಹೋಗುತ್ತಿದ್ದರು. ಅವರಿಗೆ ಎಷ್ಟು ಮೈಲು ಎಂಬುದು ಮುಖ್ಯವಾಗಿರಲಿಲ್ಲ. ಗಾಳಿ ಇದೆಯೋ ಇಲ್ಲವೋ, ಮಳೆಗಾಲ ಎಷ್ಟು ದೂರವಿದೆ ಎಂಬುದು ಮುಖ್ಯವಾಗಿತ್ತು. ಇಂದಿಗೂ ಮಳೆಗಾಲ ಶುರುವಾದರೆ ಸರಕಿನ ಮಂಜಿಗಳು ನಮ್ಮ ಹಳೆ ಬಂದರಿನಲ್ಲಿ ಕಟ್ಟಿಹಾಕಿಕೊಂಡು ನಿಲ್ಲುತ್ತವೆ.

ಅಂಡಮಾನಿನ ದೂರಕ್ಕೆ ಇನ್ನೂ ಕಹಿಯಾದ ಲೆಕ್ಕವೊಂದಿದೆ. 1921ರ ಮಲಬಾರ್ ಬಂಡಾಯದ ಬಳಿಕ ಬ್ರಿಟಿಷರು ನೂರಾರು ಮಾಪಿಳ್ಳ ಮುಸ್ಲಿಮರನ್ನು ಕೈದಿಗಳಾಗಿ ಅಲ್ಲಿಗೆ ಸಾಗಿಸಿದರು. ಬಳಿಕ ಅನೇಕರ ಹೆಂಡತಿ ಮಕ್ಕಳೂ ಹಡಗು ಹತ್ತಿದರು. ದಕ್ಷಿಣ ಅಂಡಮಾನಿನಲ್ಲಿ ಇಂದಿಗೂ ಕ್ಯಾಲಿಕಟ್, ಮಂಜೇರಿ, ಮಲಪ್ಪುರಂ, ವಂಡೂರು ಎಂಬ ಹಳ್ಳಿಗಳಿವೆ. ಬಿಟ್ಟು ಬಂದ ಊರಿನ ಹೆಸರನ್ನೇ ಸೇರಿದ ಊರಿಗಿಟ್ಟರು. ಆ ತಾಯಂದಿರಲ್ಲಿ ತವರಿಗೆ ಮತ್ತೆ ಬಂದವರು ಎಷ್ಟು ಮಂದಿ ಇದ್ದಾರು? ನನ್ನ ಮಗಳು ಆ ದಾರಿಯಲ್ಲೇ ಹದಿನೇಳು ಗಂಟೆಯಲ್ಲಿ ತವರು ಸೇರಿದಳೆಂದು ನೆನೆದಾಗ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇನೆ.

ಲಕ್ಷದ್ವೀಪದ ಹೆಣ್ಣುಮಕ್ಕಳ ದೂರವೇ ಬೇರೆ. ಅಲ್ಲಿ ಮದುವೆಯಾದ ಹೆಣ್ಣು ಸಾಮಾನ್ಯವಾಗಿ ತಾಯಿಮನೆ ಬಿಡುವುದಿಲ್ಲ. ಗಂಡನೇ ಅವಳ ಮನೆಗೆ ಬಂದು ಹೋಗುವುದು ಹಳೆಯ ಪದ್ಧತಿ. ಮಗ ಬಾಡಿಗೆಗಿರುವ ಮನೆಯ ತಾತ್ತ ನನ್ನ ಬಳಿ ಫೋನಿನಲ್ಲಿ ಕೇಳಿದ್ದರು, "ಮಗಳನ್ನು ಹಡಗಿನಲ್ಲಿ ಮೂರು ದಿನದ ದಾರಿಗೆ ಕೊಟ್ಟಿರಾ? ಹೇಗೆ ಮನಸ್ಸು ಬಂತು?" ಎಂದು. ನಾನು ಅಂದೆ, "ನಮ್ಮಲ್ಲಿ ಹಾಗೆಯೇ ತಾತ್ತ." ಬೇರೆ ಏನು ಹೇಳಲಿ?

ಆದರೆ ಆ ಗುರುವಾರ ನನ್ನ ಮಗನನ್ನು ನೋಡಿಕೊಂಡವರು ಅವರೇ. ವಿಮಾನ ಇಲ್ಲವೆಂದಾದಾಗ ಅವನನ್ನು ನಿಲ್ದಾಣದಿಂದ ಮನೆಗೆ ಕರೆತಂದು ಗಂಜಿ ಕುಡಿಸಿದರು. ಆಗಿನ್ನೂ ಲಕ್ಷದ್ವೀಪಕ್ಕೆ ಸಮುದ್ರದಡಿಯ ಕೇಬಲ್ ಆರಂಭವಾಗಿರಲಿಲ್ಲ, ಅದು 2024ರ ಜನವರಿಯಲ್ಲಿ ಉದ್ಘಾಟನೆಯಾದದ್ದು. ಉಪ್ಪನ ಮುಖ ತೋರಿಸೋಣವೆಂದು ಮಗಳು ಎಷ್ಟು ಸಲ ಪ್ರಯತ್ನಿಸಿದರೂ ಚಿತ್ರ ನಿಂತುಹೋಗುತ್ತಿತ್ತು. ಮಗ್ರಿಬ್ ಬಳಿಕ ಅಲ್ಲಿನ ಮಸೀದಿಯಲ್ಲಿ ಸಾಲುಸಾಲಾಗಿ ಜನ ನಿಂತು, ನನ್ನ ಯಜಮಾನರನ್ನು ಒಮ್ಮೆಯೂ ನೋಡದವರು, ಅವರಿಗಾಗಿ ಗಾಯಿಬ್ ಜನಾಝ ನಮಾಝ್ ನಿರ್ವಹಿಸಿದರು. ಮಗ ಮುಂದಿನ ಸಾಲಿನಲ್ಲಿದ್ದ. "ಉಮ್ಮಾ, ಮುಖ ನೋಡಲಿಕ್ಕೆ ಆಗಲಿಲ್ಲ, ನಮಾಝಿಗೆ ಆಯಿತು" ಎಂದು ಅವನು ಹೇಳಿದ ಮಾತು ನನಗೆ ಈಗಲೂ ಸಮಾಧಾನ ಕೊಡುತ್ತದೆ.

ಸಹೋದರಿಯರೇ, ಮಗಳಿಗೆ ದೂರದ ಸಂಬಂಧ ಬಂದಾಗ, ಮಗ ದೂರದ ಕೆಲಸಕ್ಕೆ ಹೊರಟಾಗ ನಾವು ಕೇಳುವ ಮೊದಲ ಪ್ರಶ್ನೆ "ಎಷ್ಟು ದೂರ?" ಎಂಬುದು. ಇನ್ನು ಮುಂದೆ ಇದನ್ನೂ ಕೇಳಿ: ಅಲ್ಲಿಂದ ದಿನಕ್ಕೆ ಎಷ್ಟು ವಿಮಾನ ಅಥವಾ ರೈಲು ಇದೆ? ಎಲ್ಲಿ ಇಳಿದು ಬದಲಿಸಬೇಕು? ಮಳೆಗಾಲದಲ್ಲಿ ಆ ದಾರಿ ತೆರೆದಿರುತ್ತದೆಯೇ? ಒಂದು ತಪ್ಪಿದರೆ ಎರಡನೆಯ ದಾರಿ ಯಾವುದು? ಲಕ್ಷದ್ವೀಪಕ್ಕೆ ಹೊರಗಿನವರು ಹೋಗಲು ಪರವಾನಗಿ ಬೇಕು. ಅಲ್ಲಿ ಮಗ ಕಾಯಿಲೆ ಬಿದ್ದರೆ ತಾಯಿಯಾದರೂ ಟಿಕೆಟು ಕೊಂಡ ಮಾತ್ರಕ್ಕೆ ಹೊರಡಲಾಗುವುದಿಲ್ಲ. ಅದರ ಕಾಗದಪತ್ರ ಹೇಗೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಬೇರೆ ಬೇರೆಯಾಗಿ ಕೊಂಡ ಎರಡು ಟಿಕೆಟುಗಳ ನಡುವೆ ಧಾರಾಳ ಸಮಯ ಬಿಡಿ. ಮೊದಲ ವಿಮಾನ ತಡವಾದರೆ ಎರಡನೆಯದು ನಿಮಗಾಗಿ ಕಾಯುವುದಿಲ್ಲ. ಚಿಕ್ಕ ದ್ವೀಪದಿಂದ ಹೊರಡುವಾಗ ಒಂದು ದಿನವನ್ನೇ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಔಷಧಿ ಯಾವಾಗಲೂ ಕೈಚೀಲದಲ್ಲಿರಲಿ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಆರಂಭವಾದಾಗ ನಾನು ಬಹಳ ಸಂತೋಷಪಟ್ಟೆ. ಆದರೆ ಇಂತಹ ಊರುಗಳ ವಿಮಾನಗಳು ಶುರುವಾಗುತ್ತವೆ, ನಿಲ್ಲುತ್ತವೆ, ದಿನ ಬದಲಾಗುತ್ತವೆ. ಹಾಗಾಗಿ ಹೊರಡುವ ಮೊದಲು ಪ್ರತಿ ಸಲವೂ ವಿಚಾರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅದನ್ನು ಮಾತಾಡಲು ನಾವು ಹೆದರುತ್ತೇವೆ. ಮನೆಯಲ್ಲಿ ಮರಣ ಸಂಭವಿಸಿದರೆ ಯಾರಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಮಕ್ಕಳೊಂದಿಗೆ ಮೊದಲೇ ಮಾತಾಡಿಕೊಳ್ಳಿ. ನನ್ನ ಯಜಮಾನರು ಹೇಳಿಟ್ಟು ಹೋಗದಿರುತ್ತಿದ್ದರೆ ಆ ರಾತ್ರಿ ಮನೆಯಲ್ಲಿ ಎರಡು ಮಾತಾಗುತ್ತಿತ್ತು. "ಒಬ್ಬನೇ ಗಂಡುಮಗ, ಅವನು ಬರಲಿ" ಎನ್ನುವವರೂ, "ತಡ ಮಾಡಬಾರದು" ಎನ್ನುವವರೂ ಇರುತ್ತಿದ್ದರು. ಮುಂದೆ ವರ್ಷಗಟ್ಟಲೆ ಮಗನ ಮನಸ್ಸಿನಲ್ಲಿ ಅದು ಮುಳ್ಳಾಗಿ ಉಳಿಯುತ್ತಿತ್ತು. ಅವರ ಒಂದು ಮಾತು ಎಲ್ಲರನ್ನೂ ಕಾಪಾಡಿತು.

ನಾನೂ ನನ್ನ ಮಕ್ಕಳಿಗೆ ಹೇಳಿಟ್ಟಿದ್ದೇನೆ. "ನನ್ನ ಸರದಿ ಬಂದಾಗ ತಲುಪಲು ಆಗುವವರು ಬನ್ನಿ, ಆಗದವರು ಇದ್ದಲ್ಲೇ ನಮಾಝ್ ಮಾಡಿ ದುಆ ಮಾಡಿ. ದಾರಿ ಸಿಗಲಿಲ್ಲವೆಂದು ಯಾರೂ ಅಳಬೇಡಿ." ಮಗಳು ಫೋನಿಟ್ಟುಬಿಟ್ಟಳು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿತು ಉಮ್ಮಾ" ಎಂದ.

ನಿಮ್ಮ ಮಕ್ಕಳೂ ದೂರದ ಊರಿನಲ್ಲಿದ್ದರೆ ಇವತ್ತೇ ಅವರೊಂದಿಗೆ ಒಂದು ಸಲ ಮಾತಾಡಿ, ಮನೆಗೆ ಬರುವ ದಾರಿಯನ್ನು ಗಂಟೆಗಳ ಲೆಕ್ಕದಲ್ಲಿ ಒಂದು ಕಾಗದದಲ್ಲಿ ಬರೆದು ಕಪಾಟಿನಲ್ಲಿಡಿ. ಆ ಕಾಗದ ಬೇಗನೆ ಬೇಕಾಗದಿರಲಿ. ದೂರದಲ್ಲಿರುವ ಎಲ್ಲರ ಮಕ್ಕಳನ್ನೂ ಅಲ್ಲಾಹನು ಕಾಪಾಡಲಿ, ಕಾಯುವ ತಾಯಂದಿರಿಗೆ ಸಹನೆ ನೀಡಲಿ. ಆಮೀನ್.